ಜೋಳದ ಪಥ್ಯ

ಬಸಮ್ಮನ ಮುಂಗೈಗೆ ಶಿವಕುಮಾರಪ್ಪ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಬಿಸಿಲು ತಾಗಿದ ಕಡೆಯೆಲ್ಲ ಚರ್ಮ ಕಪ್ಪಾಗಿ ಸುಲಿದಿತ್ತು. ಅವಳು ಕೈ ಕೊಟ್ಟಿದ್ದಳು, ಅಷ್ಟೆ. ಅವಳು ಮಾತು ಬಿಟ್ಟು ಇಪ್ಪತ್ತು ದಿನವಾಗಿತ್ತು. ಹೈಸ್ಕೂಲಿನಲ್ಲಿ ದಿನವಿಡೀ ವಿಜ್ಞಾನ ಹೇಳುವ ಗಂಡನಿಗೂ ಮನೆಯಲ್ಲಿ ಹೇಳುವಂಥದ್ದು ಉಳಿದಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಮತ್ತೋಡಿನಿಂದ ಮಾವ ಮುರುಗೇಶಪ್ಪ ಬರುವವರಿದ್ದರು, ಮಗಳನ್ನು ಕರೆದೊಯ್ಯಲು. 'ತಲೆ ಕೆಟ್ಟೋಳು ತವರಾಗೇ ಇರ್ಲಿ' ಎಂದು ಕಾಗದ ಹಾಕಿಸಿದ್ದು ಶಿವಕುಮಾರಪ್ಪನ ತಾಯಿ ದಾಕ್ಷಾಯಣಮ್ಮ. ಬರೆದವನು ಅವನೇ.

ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ, ಹೆಂಡತಿಯ ಸ್ಥಿತಿ ಹೇಳುತ್ತಿದ್ದ ಅವನ ಮಾತನ್ನು ಡಾಕ್ಟರು ತಡೆದರು.

"ಏನು ಉಣ್ತಾಳೆ?"

"ಭೇದಿ ಆಗ್ತಿತ್ತಲ್ಲ ಸಾರ್, ನಾಲ್ಕು ತಿಂಗಳಿಂದ ಬರೀ ಜೋಳದ ಗಂಜಿ. ರೇಷನ್ನಿನ ಕೆಂಪು ಜೋಳ."

"ಹಾಲು, ಬೇಳೆ, ಶೇಂಗಾ?"

"ಭೇದಿಗೆ ಅವೆಲ್ಲ ನಂಜಲ್ವಾ ಸಾರ್?"

ಡಾಕ್ಟರು ನಕ್ಕರು, ನಗು ಅರ್ಧಕ್ಕೇ ನಿಂತಿತು. "ಭೇದಿ, ಚರ್ಮ, ಮಂಕು, ಮೂರೂ ಒಂದೇ ಕಾಯಿಲೆ ಇರಬಹುದು. ಜೋಳ ಒಂದನ್ನೇ ಉಂಡವರಿಗೆ ಬರುತ್ತೆ. ವಿಟಮಿನ್ ಗುಳಿಗೆ ಕೊಡ್ತೀನಿ. ಹಾಲು, ಬೇಳೆ, ಶೇಂಗಾ ಎಲ್ಲ ಹೊಟ್ಟೆ ತುಂಬ ಉಣ್ಣಿಸಿ. ಮೊದಲಿನಂತೆ ಆಗಬಹುದು."

ಸೈಕಲ್ಲು ತುಳಿದದ್ದೇ ಅವನಿಗೆ ತಿಳಿಯಲಿಲ್ಲ. ಹೊಟ್ಟೆಯಿಂದ ಮಿದುಳಿಗೆ! ಶೇಂಗಾ ಕೊಂಡ, ಹಾಲು ಕೊಂಡ. ಯಾರಿಗಾದರೂ ಹೇಳಬೇಕಿತ್ತು, ಈಗಲೇ.

ಮನೆ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿ, ಪಡಸಾಲೆಯಲ್ಲಿ ಮಾವ ಬಂದು ಕೂತಿದ್ದರು. ಶಿವಕುಮಾರಪ್ಪ ಜೇಬಿನ ಸೀಮೆಸುಣ್ಣ ತೆಗೆದು ನೆಲದ ಮೇಲೆ ಹೊಟ್ಟೆ ಬರೆದ, ತಲೆ ಬರೆದ, ನಡುವೆ ಗೆರೆ ಎಳೆದ. ದನಿ ತಾನಾಗಿ ಏರಿತು. ವಿವರಿಸುತ್ತಾ ಹೋದ. ಇಷ್ಟು ಚೆನ್ನಾಗಿ ಯಾವ ಪಾಠವನ್ನೂ ಮಾಡಿರಲಿಲ್ಲ.

"ಹಂಗಾದ್ರೆ ಮೇಷ್ಟ್ರೇ," ಎಂದರು ಮಾವ, "ನನ್ ಮಗಳ ತಲೆ ಕೆಡಿಸಿದ್ದು ನಿಮ್ಮನೆ ಗಂಜಿ?"

"ಗಂಜಿಯಲ್ಲ ಮಾವ, ಗಂಜಿಯಲ್ಲಿ ಇಲ್ಲದ್ದು."

"ಭೇದಿ ಹಿಡಿದೋಳಿಗೆ ಶೇಂಗಾ ತಿನ್ಸಿ ಕೊಲ್ತೀಯೇನಲೇ?" ತಾಯಿ ಶೇಂಗಾದ ಚೀಲ ಕಿತ್ತುಕೊಂಡಳು.

"ಆ ಚೀಲ ಕೊಡ್ರಿ ಬೀಗ್ತೀ," ಎಂದರು ಮಾವ, "ಇನ್ನು ಸಾಕು ನಿಮ್ ವೈದ್ಯ."

"ನೀವು ಕಳಿಸ್ದಾಗ ಹೆಂಗಿದ್ಲು ಅನ್ನೋದು ನಮಗೂ ಗೊತ್ತೈತೆ!"

"ಅವ್ವ, ಮಾವ, ಒಂದ್ನಿಮಿಷ, ಇಲ್ಲಿ ನೋಡ್ರಿ..."

ಬಸಮ್ಮ ಅಡಿಗೆಮನೆಯಿಂದ ಬಂದು ಸುಣ್ಣದ ಹೊಟ್ಟೆಯ ಮೇಲೆ ನಿಂತಳು. ಶಿವಕುಮಾರಪ್ಪ ಅವಳ ಪಾದವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅಳಿಸಿದ ಗೆರೆಯನ್ನು ಬಗ್ಗಿ ತಿದ್ದತೊಡಗಿದ. ಮೂವರ ದನಿಯೂ ಒಟ್ಟಿಗೇ ಏರುತ್ತಿತ್ತು.

"ಹಸಿವಾಗೈತೆ," ಎಂದಳು ಅವಳು. "ಒಂಚೂರು ಉಣ್ಣಾಕೆ ಕೊಡ್ರಿ."