ನೆಟ್ಟಗೆ ನಿಲ್ಲುವಷ್ಟು ಎತ್ತರ

ಸೆಮರಾಂಗಿನ ಹಳೆಯ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಮನೆ ಕಟ್ಟುವುದೆಂದರೆ ಒಮ್ಮೆ ಕಟ್ಟಿ ಕೈ ತೊಳೆದುಕೊಳ್ಳುವ ಕೆಲಸವಲ್ಲ. ನೆಲ ವರ್ಷವರ್ಷವೂ ಕುಸಿಯುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರಲ್ಲ, ಇಲ್ಲಿ ಕಡಲ ನೀರೇ ಊರಿಗೆ ಬರುತ್ತದೆ, ಕರೆಯದಿದ್ದರೂ ಅಡುಗೆಮನೆಯವರೆಗೆ ಬರುತ್ತದೆ. ಆಗ ಜನ ಹಳೆಯ ನೆಲದ ಮೇಲೆ ಮಣ್ಣು, ಇಟ್ಟಿಗೆಚೂರು ತುಂಬಿ ಹೊಸ ನೆಲ ಹಾಕುತ್ತಾರೆ. ಸೂರು ಮಾತ್ರ ಇದ್ದಲ್ಲೇ ಇರುತ್ತದೆ. ಹೀಗೆ ಮನೆ ಕೆಳಗಿನಿಂದ ತುಂಬುತ್ತಾ ಬಂದು, ಒಂದು ದಿನ ಕಿಟಕಿ ಮೊಣಕಾಲಿನ ಮಟ್ಟಕ್ಕೆ ಬಂದಿರುತ್ತದೆ.

ವರ್ಸಿನಿಯ ಮನೆಯದೂ ಅದೇ ಪಾಡು. ಅವಳ ಅತ್ತೆ ಹಾಕಿಸಿದ ಕೆಂಪು ನೆಲ ಎಲ್ಲಕ್ಕಿಂತ ಅಡಿಯಲ್ಲಿದೆ. ಅದರ ಮೇಲೆ ಮಗಳು ಅಂಬೆಗಾಲಿಟ್ಟ ನೆಲ, ಅದರ ಮೇಲೆ ಮಗಳ ಮದುವೆಯಾದ ನೆಲ. ಈಚೆಗೆ ಓಣಿಯವರೆಲ್ಲ ಸೇರಿ ರಸ್ತೆಯನ್ನೇ ಎತ್ತರಿಸಿದ್ದರಿಂದ ಮನೆ ಬಟ್ಟಲಿನಂತಾಗಿತ್ತು. ಇನ್ನೊಂದು ನೆಲ ಹಾಕದೆ ಗತಿಯಿರಲಿಲ್ಲ.

ವರ್ಸಿನಿ ಕುಳ್ಳಿ, ಅವಳಿಗೇನೂ ತೊಂದರೆಯಿಲ್ಲ. ತೊಂದರೆ ಇದ್ದದ್ದು ಗಂಡ ಸುಗೊಂಡೊನಿಗೆ. ಬಂದರಿನಲ್ಲಿ ಹಡಗಿನ ಹಗ್ಗ ಎಳೆಯುತ್ತ ಬದುಕು ಕಳೆದ ಆ ಮನುಷ್ಯ ಎಷ್ಟು ಉದ್ದವೆಂದರೆ, ಓಣಿಯಲ್ಲಿ ಯಾರಿಗೂ ಅವನ ಹೆಸರೇ ನೆನಪಿಲ್ಲ. ಎಲ್ಲರ ಬಾಯಲ್ಲೂ ಜಾಂಕುಂಗ್, ಅಂದರೆ ಉದ್ದಣ್ಣ. ಮದುವೆಯ ದಿನ ಗೆಳತಿಯರು ವರ್ಸಿನಿಯನ್ನು, "ಗಂಡನ ಮುಖ ನೋಡೋಕೆ ಹೋಗಿ ಕತ್ತು ನೋಯಿಸ್ಕೋಬೇಡ ಕಣೇ" ಎಂದು ರೇಗಿಸಿದ್ದರು. ಈಗ ಮನೆಯೊಳಗೆ ತೊಲೆ ಅವನ ಕೂದಲಿಗೆ ತಾಗುತ್ತಿತ್ತು, ಬಲ್ಬು ಕಿವಿಯ ಪಕ್ಕದಲ್ಲಿ ನೇತಾಡುತ್ತಿತ್ತು. ಇನ್ನೊಂದು ನೆಲ ಬಿದ್ದರೆ ಅವನು ತನ್ನ ಮನೆಯಲ್ಲೇ ನೆಟ್ಟಗೆ ನಿಲ್ಲುವಂತಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಓಣಿಯ ಹೆಂಗಸರ ಅರಿಸಾನ್ ಚೀಟಿಯಲ್ಲಿ ವರ್ಸಿನಿಯ ಹೆಸರು ಎದ್ದಿತು. ಬೆಟ್ಟದ ಮೇಲಿನ ಬಡಾವಣೆಯಲ್ಲಿರುವ ಮಗಳು ಎಂಡಾ ತಕ್ಷಣ ಫೋನು ಮಾಡಿದಳು.

"ಅಮ್ಮಾ, ಇಲ್ಲಿ ಮೇಲ್ಗಡೆ ಒಂದು ಚೂರು ಜಾಗ ನೋಡೋಣ. ಮುಳುಗೋ ಮನೆಗೆ ಯಾರಾದ್ರೂ ದುಡ್ಡು ಹಾಕ್ತಾರಾ?"

"ಮುಳುಗೋ ಮನೆ ಅನ್ಬೇಡ. ನೀನು ಹುಟ್ಟಿದ ಮನೆ ಅದು."

"ಹುಟ್ಟಿದ ನೆಲ ಈಗ ಎಷ್ಟು ಆಳದಲ್ಲಿದೆ ಹೇಳು?"

"ಆಳದಲ್ಲಿದ್ರೇನು, ಬೇರು ಇರೋದು ಆಳದಲ್ಲೇ ಅಲ್ವಾ" ಎಂದು ವರ್ಸಿನಿ ಫೋನಿಟ್ಟಳು.

ಅವಳಿಗೆ ಬೇರೆಯದೇ ಲೆಕ್ಕಾಚಾರವಿತ್ತು. ನಿಲ್ದಾಣದ ಮುಂದೆ ತಳ್ಳುಗಾಡಿಯಲ್ಲಿ ತೋಫು, ಸಿಗಡಿ ವಡೆ ಕರಿದು, ಶೇಂಗಾ ಗೊಜ್ಜು ಸುರಿದು ಮಾರುತ್ತ ಅವಳು ಅರ್ಧ ಆಯುಷ್ಯ ಬಿಸಿಲಿನಲ್ಲಿ ಕಳೆದಿದ್ದಳು. ಈಗ ಪಕ್ಕದ ಹಳೇ ಪೇಟೆಯ ಡಚ್ಚರ ಕಟ್ಟಡಗಳಿಗೆಲ್ಲ ಸುಣ್ಣ ಬಣ್ಣ ಆಗಿ, ನೋಡಲು ಬಂದವರು ಓಣಿಗೂ ನುಗ್ಗುತ್ತಿದ್ದರು. ಬೀದಿಗಿರುವ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿ, ಗಾಜಿನ ಪೆಟ್ಟಿಗೆ, ಕೂರಲು ಬೆಂಚು, ತಲೆಯ ಮೇಲೊಂದು ಫ್ಯಾನು. ಕಡೆಗಾದರೂ ನೆರಳಲ್ಲಿ ನಿಂತು ಕರಿಯಬೇಕು. ಇಷ್ಟೇ ಅವಳ ಆಸೆ.

ಮೇಸ್ತ್ರಿ ತುಕಿಯತ್ ಬಂದು ಗೋಡೆ ತಟ್ಟಿ, ತೊಲೆ ಕೆರೆದು ನೋಡಿದ.

"ನೋಡಿ ವರ್ಸಿನಿಯಮ್ಮ, ನೆಲ ಎತ್ತರಿಸಿ ಅಂಗಡಿ ಮಾಡ್ಕೋಬಹುದು. ಇಲ್ಲಾ, ನೆಲ ಎತ್ತರಿಸಿ ಸೂರೂ ಎತ್ತಬಹುದು. ಮೂರೂ ಬೇಕು ಅಂದ್ರೆ ಇನ್ನೊಂದು ಚೀಟಿ ಏಳಬೇಕು."

ಇನ್ನೊಂದು ಚೀಟಿ ಏಳುವಷ್ಟರಲ್ಲಿ ವರ್ಸಿನಿ ಏಳುವಂತಿರುತ್ತಾಳೋ ಇಲ್ಲವೋ. ಮನೆ ಕಟ್ಟಿ ನೋಡು ಎಂದವನು ಸೆಮರಾಂಗಿಗೆ ಬಂದಿದ್ದರೆ, ಕಟ್ಟಿ ಕಟ್ಟಿ ನೋಡು ಎನ್ನುತ್ತಿದ್ದ. ಅವಳು ಮೇಸ್ತ್ರಿಗೆ ಎರಡು ವಾರ ತಡೆಯಲು ಹೇಳಿದಳು.

ಆ ಎರಡು ವಾರದಲ್ಲೇ ಸುಗೊಂಡೊನ ಬೆನ್ನು ಬಾಗಿತು. ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದವನು ಸೊಂಟದ ಮೇಲೆ ಕೈಯಿಟ್ಟುಕೊಂಡು, ನೆಲ ನೋಡುತ್ತ ಬಚ್ಚಲಿಗೆ ಹೋದ. ಮರುದಿನವೂ ಹಾಗೇ.

"ಏನಾಯ್ತು ಪಾಕ್ನೆ?" ಎಂದಳು ಹೆಂಡತಿ. ಮಗಳು ಹುಟ್ಟಿದಾಗಿನಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ಮಗುವಿನ ಅಪ್ಪ, ಮಗುವಿನ ಅಮ್ಮ ಎಂದೇ ಕರೆಯುವುದು: ಪಾಕ್ನೆ, ಬೂನೆ.

"ಆಗೋದೇನು ಬೂನೆ, ವಯಸ್ಸು. ಹಗ್ಗ ಎಳೆದ ಬೆನ್ನಲ್ವಾ. ಇನ್ಮೇಲೆ ಸೂರು ಎಲ್ಲಿದ್ರೂ ನಂಗೆ ಒಂದೇ. ನೀನು ಅಂಗಡಿ ಇಡು."

ವರ್ಸಿನಿ ಶುಂಠಿ ಅರೆದು ಬಿಸಿ ಮಾಡಿ ಅವನ ಬೆನ್ನಿಗೆ ಹಚ್ಚಿದಳು. ಹಚ್ಚುತ್ತ ಹಚ್ಚುತ್ತ ಕಣ್ಣು ತುಂಬಿಕೊಂಡಳು. ಆದರೆ ನಿಜ ಹೇಳಬೇಕಲ್ಲ, ಆ ಕಣ್ಣೀರಿನ ಹಿಂದೆ ಒಂದು ಚೂರು ನಿರಾಳವೂ ಇತ್ತು. ಇನ್ನು ಆರಿಸುವ ಸಂಕಟವಿಲ್ಲ. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಅವಳಿಗೆ ನಾಚಿಕೆಯಾಯಿತು. ಆದರೂ ಸಂಜೆ ಹೋಗಿ ಗಾಜಿನ ಪೆಟ್ಟಿಗೆಯ ಬೆಲೆ ಕೇಳಿಕೊಂಡು ಬಂದಳು.

ಭಾನುವಾರ ಮೇಸ್ತ್ರಿ ಮರಳು ಎಲ್ಲಿ ಸುರಿಯಲಿ ಎಂದು ಕೇಳಲು ಬಂದ. ಸುಗೊಂಡೊ ಮನೆಯಲ್ಲಿರಲಿಲ್ಲ. ಭಾನುವಾರ ಓಣಿಯ ಗಂಡಸರೆಲ್ಲ ಕಾಲುವೆಯಾಚೆಯ ಬಯಲಿನಲ್ಲಿ ಹಕ್ಕಿಗಳ ಹಾಡಿನ ಪಂದ್ಯಕ್ಕೆ ಸೇರುತ್ತಾರೆ. ಪಾಪ, ಬಾಗಿದ ಬೆನ್ನಿನಲ್ಲಿ ಅಷ್ಟು ದೂರ ಹೋಗಿದ್ದಾರಲ್ಲ ಎಂದುಕೊಂಡು ವರ್ಸಿನಿ ಕರೆಯಲು ಹೋದಳು.

ಬಯಲಿನ ಅಂಚಿನಲ್ಲಿ ಶ್ಯಾವಿಗೆ ಸಾರಿನ ಗಾಡಿಯ ಪಕ್ಕ ಅವಳ ಕಾಲುಗಳು ನಿಂತುಬಿಟ್ಟವು.

"ಜಾಂಕುಂಗ್, ನನ್ನ ಪಂಜರ ಇನ್ನೂ ಸ್ವಲ್ಪ ಮೇಲೆ ಹಾಕು ಮಾರಾಯ" ಎಂದು ಯಾರೋ ಕೂಗುತ್ತಿದ್ದರು. "ನೀನಿರುವಾಗ ನಮಗೆ ಏಣಿ ಯಾಕೆ?"

ತಂತಿ ಎಳೆದ ಕಂಬಗಳ ಕೆಳಗೆ ಸುಗೊಂಡೊ ನಿಂತಿದ್ದ. ಎರಡೂ ಕೈ ಆಕಾಶಕ್ಕೆ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಒಂದರ ಹಿಂದೊಂದು ಪಂಜರ ಸಿಕ್ಕಿಸುತ್ತ ನಗುತ್ತಿದ್ದ. ಅವನು ಹಾಗೆ ನಕ್ಕದ್ದನ್ನು ನೋಡಿ ಅವಳಿಗೆ ಎಷ್ಟು ಕಾಲವಾಗಿತ್ತು.

ಮೊದಲು ಸಿಟ್ಟು ಬಂತು. ಶುಂಠಿ ಅರೆದದ್ದೆಲ್ಲ ಇದಕ್ಕಾ ಎನಿಸಿತು. ಅವಳು ಗಾಡಿಯ ಮರೆಯಲ್ಲೇ ಕಾದಳು. ಪಂದ್ಯ ಮುಗಿದು ಸುಗೊಂಡೊ ಹೊರಟ. ಕಾಲುವೆಯ ಸೇತುವೆಯವರೆಗೆ ಬೀಸುಗಾಲು ಹಾಕುತ್ತ ನಡೆದ. ಓಣಿಯ ಬಾಯಿ ಬಂದದ್ದೇ ತಡ, ನಿಂತು ಮುಖ ಒರೆಸಿಕೊಂಡ. ಆಚೀಚೆ ನೋಡಿದ. ಸೊಂಟದ ಮೇಲೆ ಕೈಯಿಟ್ಟ. ನಿಧಾನವಾಗಿ ಬಾಗಿದ. ಬಾಗಿ, ಮನೆಯ ಕಡೆ ಹೆಜ್ಜೆಯಿಟ್ಟ.

ವರ್ಸಿನಿಯ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಈ ಮನುಷ್ಯ ತನಗೋಸ್ಕರ ಸಾಯುವವರೆಗೂ ಬಾಗಿಕೊಂಡೇ ಇರಲು ಸಿದ್ಧನಾಗಿದ್ದಾನೆ. ಅವಳು ಇನ್ನೊಂದು ದಾರಿಯಿಂದ ನಡೆದು, ಮೊದಲು ಮೇಸ್ತ್ರಿಯ ಮನೆಗೆ ಹೋಗಿ, ಆಮೇಲೆ ತನ್ನ ಮನೆಗೆ ಬಂದಳು. ಗಂಡನ ಮುಂದೆ ಚಹಾ ಇಟ್ಟಳು.

"ಬೆನ್ನು ಹೇಗಿದೆ ಪಾಕ್ನೆ?"

"ಹಾಗೇ ಇದೆ."

"ಬಯಲಲ್ಲಿ ಹಕ್ಕಿಗಳನ್ನ ಕೇಳ್ದೆ. ಅವು ಬೇರೇನೋ ಹೇಳಿದ್ವು."

ಸುಗೊಂಡೊ ಸಿಕ್ಕಿಬಿದ್ದ ಹುಡುಗನಂತೆ ಲೋಟ ಕೆಳಗಿಟ್ಟ.

"ಇಷ್ಟು ವರ್ಷ ಬಿಸಿಲಲ್ಲಿ ನಿಂತಿದ್ದೀಯ ನೀನು" ಎಂದ. "ನಾನು ಒಂಚೂರು ಬಗ್ಗಿದ್ರೆ ಏನು ಗಂಟು ಹೋಗ್ತಿತ್ತು?"

"ಬಿಸಿಲಲ್ಲಾದ್ರೂ ನಾನು ನೆಟ್ಟಗೆ ನಿಂತಿದ್ದೀನಿ. ಸೂರು ಎತ್ತೋಕೆ ತುಕಿಯತ್‌ಗೆ ಹೇಳಿ ಬಂದೆ."

"ಅಂಗಡಿ ಏನಾಗ್ಬೇಕು ಬೂನೆ?"

"ನನ್ನ ಅಂಗಡಿಗೆ ಚಕ್ರ ಇದೆ, ತಿರುಗ್ತಾ ಇರತ್ತೆ. ನಿಮಗೆ ಇನ್ನೊಂದು ಬೆನ್ನು ಎಲ್ಲಿಂದ ತರಲಿ? ಸುಮ್ನೆ ಚಹಾ ಕುಡೀರಿ. ನೆಟ್ಟಗೆ ಕೂತ್ಕೊಂಡು ಕುಡೀರಿ."

ನೆಲ ಎತ್ತರಿಸುವುದು ಅವರವರ ಮನೆಯ ಕೆಲಸ, ಸೂರು ಎತ್ತುವುದು ಮಾತ್ರ ಓಣಿಯ ಕೆಲಸ. ಅದಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ, ಹಾಗೆಂದು ಬಾರದವರನ್ನು ಯಾರೂ ಮರೆಯುವುದೂ ಇಲ್ಲ. ಆ ದಿನ ಲಾರಿ ಚಾಲಕರು ತಮ್ಮ ಜಾಕಿಗಳನ್ನು ಹೊತ್ತು ತಂದರು. ಹೆಂಚು ಇಳಿಸಿ, ಪ್ರತಿ ಕಂಬದ ಪಕ್ಕ ಒಂದೊಂದು ಜಾಕಿ ಕೊಟ್ಟು, ಮೇಸ್ತ್ರಿಯ ಕೂಗಿಗೆ ಎಲ್ಲರೂ ಒಟ್ಟಿಗೆ ತಿರುಗಿಸಿದರು. "ಒಂಚೂರು. ಇನ್ನೊಂಚೂರು. ನಿಲ್ಸಿ." ಸೂರಿನ ಇಡೀ ಚೌಕಟ್ಟು ನರಳುತ್ತ ಮೇಲೆದ್ದಿತು, ಕಂಬಗಳ ಕೆಳಗೆ ಇಟ್ಟಿಗೆಗಳು ಸೇರಿಕೊಂಡವು. ಬೆಟ್ಟದಿಂದ ಇಳಿದು ಬಂದ ಎಂಡಾ ಗೊಣಗುತ್ತಲೇ ಎಲ್ಲರಿಗೂ ಚಹಾ ಕೊಟ್ಟಳು. ವರ್ಸಿನಿ ತಳ್ಳುಗಾಡಿಯನ್ನು ಮನೆ ಮುಂದೆ ತಂದು ಬಂದವರಿಗೆಲ್ಲ ತೋಫು ಕರಿದಳು. ನಾಳೆ ಅದೇ ಗಾಡಿ ಮತ್ತೆ ನಿಲ್ದಾಣದ ಬಿಸಿಲಿಗೆ ಹೋಗಬೇಕು.

ಹೊಸ ನೆಲ ಹಾಕಿ, ಅದು ಒಣಗಿದ ಸಂಜೆ, ಸುಗೊಂಡೊ ಬಲ್ಬು ಹಿಡಿದುಕೊಂಡು ಒಳಗೆ ಬಂದ. ಹಳೆಯ ಅಭ್ಯಾಸದಿಂದ ತಲೆ ಬಗ್ಗಿಸಿಯೇ ಬಂದ.

"ಪಾಕ್ನೆ" ಎಂದಳು ವರ್ಸಿನಿ. "ಅಲ್ಲಿ ಏನೂ ಇಲ್ಲ. ತಲೆ ಎತ್ತಿ."

ಅವನು ಅಳುಕುತ್ತ, ಸ್ವಲ್ಪ ಸ್ವಲ್ಪವೇ ತಲೆಯೆತ್ತಿದ. ಏನೂ ತಾಗಲಿಲ್ಲ. ಬಯಲಿನಲ್ಲಿ ಪಂಜರ ಸಿಕ್ಕಿಸಿದ ಹಾಗೆ ಎರಡೂ ಕೈ ಚಾಚಿ, ತುದಿಗಾಲಲ್ಲಿ ನಿಂತು, ತೊಲೆಗೆ ಬಲ್ಬು ಹಾಕಿದ. ಬೆಳಕು ಅವನ ಮುಖದ ಮೇಲೆ ಬಿತ್ತು. ವರ್ಸಿನಿ ಕೆಳಗೆ ನಿಂತು ಆ ಮುಖವನ್ನು ಕತ್ತು ನೋಯುವವರೆಗೂ ನೋಡಿದಳು.