ನೋವು ನಿಂತ ಮೇಲೆ

"ಹುಳ ಹಣ್ಣಾದ ದಿನಾನೇ ಬರ್ಬೇಕೇನೇ ನಿನ್ ಮಗಳ ಹೊಟ್ಟೆಗೆ ರೋಗ? ಕಳ್ ಮುಂಡೆ, ಬೆಳಗ್ಗೆಯಿಂದ ನಾಟಕ ಆಡ್ತಾವ್ಳೆ!"

ಹುಳದ ಮನೆಯ ಒಡೆಯ ವೆಂಕಟರವಣಪ್ಪ ಬಾಗಿಲಲ್ಲಿ ನಿಂತು ಒದರುತ್ತಿದ್ದ. ಮಂಗಮ್ಮ ತಲೆ ಎತ್ತಲಿಲ್ಲ. ಹಣ್ಣಾದ ರೇಷ್ಮೆಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಆಳುದ್ದದ ಬಿದಿರು ಚಾಪೆಯಂಥ ಚಂದ್ರಿಕೆಗೆ ಬಿಡುತ್ತಲೇ ಇದ್ದಳು. ಇವತ್ತು ಬಿಡದಿದ್ದರೆ ಹುಳು ಕಾಯುವುದಿಲ್ಲ, ಸೊಪ್ಪಿನ ಕಡ್ಡಿಯಲ್ಲೇ ನೂಲು ಸುತ್ತಿ ಕೆಡುತ್ತದೆ. ಮಗಳು ಮುನಿಲಕ್ಷ್ಮಿ ಮೂಲೆಯಲ್ಲಿ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿದ್ದಳು. ನಿನ್ನೆ ಹೊಕ್ಕುಳ ಸುತ್ತ ಇದ್ದ ನೋವು ಈಗ ಬಲಗಡೆ ಕೆಳಹೊಟ್ಟೆಗೆ ಇಳಿದು ಕೂತಿತ್ತು. ನೀರು ಕುಡಿದರೂ ವಾಂತಿ.

"ಸಾಮಿ, ಶಿಡ್ಲಘಟ್ಟದ ಆಸ್ಪತ್ರೆಗೆ ತೋರ್ಸ್ಕೊಂಡು ಬತ್ತೀನಿ. ನಿಮ್ ಕಾರು ಏನಾದ್ರೂ..."

"ನಿಮ್ ಕೇರಿಯೋರ್ನ ಕಾರಲ್ಲಿ ಕೂರಿಸ್ಕೊಂಡು ಮೆರವಣಿಗೆ ಮಾಡ್ಲೇನೆ? ಹೋಗು, ನಡ್ಕೊಂಡೇ ಹೋಗು. ಆಸ್ಪತ್ರೆ ತುಳಿದೋಳು ಮತ್ತೆ ನನ್ ಹುಳದ ಮನೆ ತುಳಿಯಂಗಿಲ್ಲ. ಔಸ್ದಿ ಗಾಳಿಗೆ ಹುಳ ಸತ್ತೋಯ್ತವೆ. ಆ ಕೊಟ್ಟಿಗೆನೂ ಖಾಲಿ ಮಾಡು."

ಕೊಟ್ಟಿಗೆ ಎಂದರೆ ತಾಯಿ ಮಗಳ ಮನೆ. ಮಂಗಮ್ಮ ಮತ್ತೆ ಹುಳು ಆರಿಸತೊಡಗಿದಳು.

ಅವನ ಹೆಂಡತಿ ಕನಕಲಕ್ಷ್ಮಿ ಕನಿಕರದಿಂದಲೇ ಬಂದಳು. "ಉಷ್ಣ ಕಣೇ, ಹೊಟ್ಟೆ ಕಟ್ಟೈತೆ ಅಷ್ಟೇ," ಎಂದು ಲೋಟದಲ್ಲಿ ಹರಳೆಣ್ಣೆ ಕೊಟ್ಟಳು. ಮಗಳ ಮೂಗು ಹಿಡಿದು ಕುಡಿಸಿದವಳು ಮಂಗಮ್ಮನೇ.

ಮಧ್ಯಾಹ್ನದ ಹೊತ್ತಿಗೆ ನೋವು ಥಟ್ಟನೆ ನಿಂತಿತು.

"ನೋಡ್ದಾ? ಎಣ್ಣೆ ಬಿದ್ದೇಟಿಗೆ ದೆವ್ವ ಬಿಡ್ತು!" ವೆಂಕಟರವಣಪ್ಪ ನಕ್ಕ. "ಏಳೇ ಮಹಾರಾಣಿ, ಹುಳ ಆರ್ಸು."

ಮುನಿಲಕ್ಷ್ಮಿ ಎದ್ದು ಕೂತಳು. ಅಮ್ಮನನ್ನು ನೋಡಿ ನಕ್ಕಳು ಕೂಡ. ಮಂಗಮ್ಮ ಮನೆದೇವರಿಗೆ ಕೈಮುಗಿದಳು.

ಸಂಜೆಗೆ ಹುಡುಗಿಯ ಮೈ ಕೆಂಡ. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಬೆರಳು ತಾಗಿದರೆ ಕಿರುಚುತ್ತಿದ್ದಳು. ಜೊತೆಗೆ ಕೂಲಿ ಮಾಡುತ್ತಿದ್ದ ಮುನಿಶಾಮಪ್ಪ ಬಂದು ನೋಡಿ ಕುಕ್ಕರಿಸಿದ.

"ಮಂಗಕ್ಕ, ನನ್ ಹೆಂಡ್ತಿಗೂ ಹಿಂಗೇ ಆಗಿದ್ದು. ನೋವು ನಿಂತಿದ್ದು ವಾಸಿಯಾಗಿ ಅಲ್ಲ, ಅಪೆಂಡಿಕ್ಸು ಒಳಗೇ ಒಡೆದೋಗಿತ್ತು. ಡಾಕ್ಟ್ರು ಆಮೇಲೆ ಯೋಳಿದ್ರು. ನಾವು ನಾಳೆ ಕರ್ಕೊಂಡೋಗಣ ಅಂದ್ಕೊಂಡ್ವಿ. ಉಳೀಲಿಲ್ಲ."



ಮಂಗಮ್ಮ ಎದ್ದಳು. ಹುಳು ತುಂಬಿದ ಚಂದ್ರಿಕೆಯೊಂದನ್ನು ಗೋಡೆಯಿಂದ ಎಳೆದು ನೆಲಕ್ಕೆ ಕೊಡವಿದಳು.

"ಏಯ್ ಬೋಳಿ ಮುಂಡೆ! ಜೀವ ಕಣೇ ಅವು, ಜೀವ!" ವೆಂಕಟರವಣಪ್ಪ ಓಡಿಬಂದ.

"ಕಾಲ್ ಕಡೆ ಹಿಡ್ಕೋ ಶಾಮಣ್ಣ," ಎಂದಳು ಮಂಗಮ್ಮ.

ಮಗಳನ್ನು ಚಂದ್ರಿಕೆಯ ಮೇಲೆ ಮಲಗಿಸಿ ಇಬ್ಬರೂ ಎತ್ತಿದರು. ಬಾಗಿಲಿಗೆ ಅಡ್ಡ ನಿಂತವನ ಎದೆಗೆ ಬಿದಿರಿನ ಅಂಚು ತಾಗಿತು. ಅವನು ಸರಿದ. ಅಂಗಾಲಿನಡಿ ಹುಳುಗಳು ಪಚಪಚ ಒಡೆದವು. ಮಂಗಮ್ಮ ಕೆಳಗೆ ನೋಡಲಿಲ್ಲ.

ಜಂಗಮಕೋಟೆ ರಸ್ತೆಯಲ್ಲಿ ಕೈ ತೋರಿಸಿದರೂ ಎರಡು ಕಾರು ನಿಲ್ಲಲಿಲ್ಲ. ಮೂರನೆಯ ದೀಪ ತಿರುವಿನಲ್ಲಿ ಕಂಡಾಗ ಅವರು ಚಂದ್ರಿಕೆಯನ್ನು ರಸ್ತೆಯ ನಡುಮಧ್ಯೆ ಇಳಿಸಿದರು. ಮಂಗಮ್ಮ ಅದರ ಮುಂದೆ ಕೈ ಅಗಲಿಸಿ ನಿಂತಳು.

ಟೆಂಪೋ ಹಾರನ್ ಬಾರಿಸುತ್ತ ಬಂತು. ಅದರ ಓಟ ತಗ್ಗಲಿಲ್ಲ. ಅವಳೂ ಸರಿಯಲಿಲ್ಲ.