ಟೀಚರಿಗೆ ತಿಳಿಯದ ಹೂ

"ಟೀಚರ್, ಬೇಗ ಬನ್ನಿ. ಎಲೆ ಇಲ್ಲ, ಗಿಡ ಇಲ್ಲ, ನೆಲದಿಂದ ಸೀದಾ ಹೂವೇ ಬಂದದ್ದು ಮಾರಾಯ್ರೆ."

ವಿನೋದಾ ಕೂಗಿದ ರಭಸಕ್ಕೆ ಗೆರ್ಟ್ರೂಡ್ ಬೆಂಡೆ ಬೀಜದ ಪೊಟ್ಟಣವನ್ನು ಅಲ್ಲೇ ಬಿಟ್ಟು ಓಡಿದರು. ಜೆಪ್ಪಿನ ಈ ಖಾಲಿ ಜಾಗವನ್ನು ಕಾಲೊನಿಯವರು ತರಕಾರಿ ಬೆಳೆಸಲು ತುಂಡು ತುಂಡಾಗಿ ಹಂಚಿಕೊಂಡು ತಿಂಗಳಾಗಿರಲಿಲ್ಲ. ಇವರಿಬ್ಬರದೂ ಅಕ್ಕಪಕ್ಕದ ತುಂಡು. ಮೇ ತಿಂಗಳ ಎರಡು ಮಳೆ ಬಿದ್ದಿತ್ತಷ್ಟೆ. ಗೆರ್ಟ್ರೂಡರ ತುಂಡಿನ ಮೂಲೆಯಲ್ಲಿ, ಬೋಳು ನೆಲದಲ್ಲಿ, ಗೇಣುದ್ದದ ಹೂ ನಿಂತಿತ್ತು. ತುದಿ ಗುಲಾಬಿ, ಕೆಳಗೆ ತಿಳಿಹಸಿರು ಪದರ, ಪದರದೊಳಗೆ ಪುಟ್ಟ ಹಳದಿ ಹೂಗಳು.

ವಿನೋದಾ ಫೋಟೊ ತೆಗೆದು ಮೊಬೈಲನ್ನು ಕೇಳಿದರೆ ಅದು ಒಮ್ಮೆ ಆರ್ಕಿಡ್ ಅಂದಿತು, ಇನ್ನೊಮ್ಮೆ ಅನಾನಸು ಅಂದಿತು. "ಮೂವತ್ತು ವರ್ಷ ವಿಜ್ಞಾನ ಕಲಿಸಿದ್ದು ನೀವು. ಎಂತ ಹೂ ಇದು?"

ಗೊತ್ತಿಲ್ಲ ಅನ್ನುವುದು ಟೀಚರ ಬಾಯಿಂದ ಸುಲಭಕ್ಕೆ ಬರುವ ಮಾತಲ್ಲ. "ಎಂತದೋ ಕಾಡು ಕಳೆ. ಕಿತ್ತು ಬಿಸಾಡುವ. ಈ ಮೂಲೆ ನನ್ನ ಕಸ್ತೂರಿ ಅರಸಿನಕ್ಕೆ."

"ಅದು ಸಿಕ್ಕಿದರಲ್ವಾ?" ಎಂದು ವಿನೋದಾ ನಕ್ಕರು.

ಹನ್ನೊಂದು ವರ್ಷದ ಹಿಂದೆ ತವರುಮನೆಯನ್ನು ಫ್ಲ್ಯಾಟ್ ಕಟ್ಟುವವರಿಗೆ ಕೊಡುವಾಗ ಹಿತ್ತಲಿನ ಆ ಅರಸಿನದ ಒಂದು ಗಡ್ಡೆಯನ್ನೂ ಗೆರ್ಟ್ರೂಡ್ ಎತ್ತಿಟ್ಟಿರಲಿಲ್ಲ. ಅಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಅದನ್ನೇ ತೇದು ಹಚ್ಚಿ ಮೀಯಿಸಿದ್ದರು. "ಮನೆ ಹೋಗಲಿ, ಒಂದು ಗಡ್ಡೆ ತೆಗೆದಿಡಲಿಕ್ಕೂ ಆಗಲಿಲ್ವಾ ನಿನಗೆ?" ಎಂದ ಅಕ್ಕ ಎಲೇನ್ ಅಂದಿನಿಂದ ಮಾತು ಬಿಟ್ಟಿದ್ದರು. ಪೇಟೆಯಲ್ಲಿ ಆ ಹೆಸರು ಹೇಳಿ ಮಾರಿದ್ದೆಲ್ಲ ಬೇರೆಯೇ. ಅಕ್ಕನ ಮುಂದೆ ಇಡಲು ಒಂದೇ ಒಂದು ಗಡ್ಡೆ ಬೇಕು ಎಂದು ಗೆರ್ಟ್ರೂಡ್ ಅಲೆಯದ ಜಾಗವಿರಲಿಲ್ಲ.

ಪಿಕ್ಕಾಸಿನ ಎರಡನೆಯ ಏಟಿಗೆ ಮಣ್ಣೊಳಗೆ ಏನೋ ಕಚಕ್ಕೆಂದು ಸೀಳಿತು. ಮೂರನೆಯ ಏಟಿಗೆ ಎತ್ತಿದ ಕೈ ಹಾಗೇ ನಿಂತಿತು. ಮೂಗಿಗೆ ಬಂದದ್ದು ಕರ್ಪೂರದಂಥ ಘಮ, ಅಮ್ಮನ ಬಚ್ಚಲುಮನೆಯ ಘಮ.

"ವಿನೋದಾ, ಇದು ಅದೇ. ಕಸ್ತೂರಿ ಅರಸಿನ."

"ಸುಮ್ಮನಿರಿ. ಮನೆಯಲ್ಲೇ ಬೆಳೆಸಿದವರು ನೀವು, ಹೂ ನೋಡಿ ಗೊತ್ತಾಗಲಿಲ್ವಾ?"

"ನಾವು ಹೂ ಬಿಡಲಿಕ್ಕೆ ಬಿಟ್ಟದ್ದುಂಟಾ? ಜನವರಿಯಲ್ಲಿ ಒಂದು ಚೂರೂ ಉಳಿಸದೆ ಅಗೆಯುವುದು, ಬೀಜದ ಗಡ್ಡೆ ಅಟ್ಟಕ್ಕೆ ಹಾಕುವುದು, ಮತ್ತೆ ನೆಡುವುದು ಜೂನಿನಲ್ಲಿ. ಮೇಯಲ್ಲಿ ಇದು ಮಣ್ಣಿನಲ್ಲಿ ಇದ್ದದ್ದೇ ಇಲ್ಲ." ಗೆರ್ಟ್ರೂಡ್ ನಗುತ್ತಿದ್ದರು. ಪಿಕ್ಕಾಸು ಬಿಸಾಡಿ, ಮೊಣಕಾಲೂರಿ ಬೆರಳಲ್ಲೇ ಮಣ್ಣು ಬಿಡಿಸಿದರು. ಒಂದು, ಎರಡು, ಐದು ಗಡ್ಡೆ.

"ಅಕ್ಕನಿಗೆ ಫೋನ್ ಮಾಡಿ. ಈಗಲೇ."

"ಎತ್ತುವುದಿಲ್ಲ ಅವಳು."

"ನನ್ನ ಫೋನಿಂದ ಮಾಡಿ, ಯಾರೆಂದು ಗೊತ್ತಾಗುವುದಿಲ್ಲ."

ನಾಲ್ಕನೆಯ ರಿಂಗಿಗೆ ಎಲೇನ್ ಎತ್ತಿದರು. ಹಿಂದೆ ಮಿಕ್ಸಿಯ ಸದ್ದು.

"ಅಕ್ಕಾ, ನಾನು. ಕಸ್ತೂರಿ ಅರಸಿನ ಸಿಕ್ಕಿತು."

ಮಿಕ್ಸಿ ನಿಂತಿತು. ಆಮೇಲೆ ಎಲೇನ್ ಮೆಲ್ಲಗೆ ಕೇಳಿದರು: "ಅದೇ ವಾಸನೆ ಉಂಟಾ?"

ಗೆರ್ಟ್ರೂಡ್ ಸೀಳಿದ ಗಡ್ಡೆಯನ್ನು ಫೋನಿನ ಹತ್ತಿರ ಹಿಡಿದರು.